ಬೆನ್ನಿಗೆ ಬಣ್ಣ ಬಳಿದ ಗೋಡೆ

“ಕೂತ್ಕೊಳ್ಳಿ ಅಕ್ಕ, ಮುರಿಯಲ್ಲ. ನೋಡೋಕೆ ಮಾತ್ರ ಎಲುಬು, ಒಳಗೆಲ್ಲ ಗಟ್ಟಿ ಮರ,” ಎಂದರು ಗುಹೆ ಮೇಷ್ಟ್ರು.

ಅಕ್ಕ ಗೂಬೆರಾಯನ ಸಿಂಹಾಸನದ ಮೇಲೆ ಕೂತು, ತಮ್ಮನ ಸಾಮಾನಿದ್ದ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಒಂದು ಜೊತೆ ಚಪ್ಪಲಿ, ಬಾಚಣಿಗೆ, ಅರ್ಧ ಉಳಿದ ಕೆಮ್ಮಿನ ಔಷಧಿ. ಮೇಕಪ್ ಕೋಣೆಯಲ್ಲಿ ಸಿಕ್ಕಿದ್ದು ಇಷ್ಟೇ. ಟಿವಿಯಲ್ಲಿ ಗೂಬೆರಾಯನ ಪಾತ್ರ ಮಾಡಿ ವಾರ ವಾರ ಮನೆಮನೆಯ ಮಕ್ಕಳನ್ನು ಹೆದರಿಸಿ ಮಲಗಿಸಿದವನು ಬಿಟ್ಟುಹೋದ ಆಸ್ತಿ ಒಂದು ಚೀಲವನ್ನೂ ತುಂಬಿಸಲಿಲ್ಲ.

ಕಲ್ಲುಗಣಿಯ ತಿರುವಿನಲ್ಲಿ ಕಾರಿನ ಜೊತೆ ಸುಟ್ಟು ಕರಕಲಾದ ದೇಹವನ್ನು ಬೆರಳಲ್ಲಿದ್ದ ಗೂಬೆರಾಯನ ಉಂಗುರ ನೋಡಿ ‘ಇವನೇ ನನ್ನ ತಮ್ಮ’ ಎಂದು ಗುರುತಿಸಿ ಬಂದ ದಿನದಿಂದ ಅವಳಿಗೆ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಪೊಲೀಸರು ಅಪಘಾತ ಎಂದರು. ಒಂದು ಕಾಲದಲ್ಲಿ ಅವಳೂ ಇನ್ಸ್‌ಪೆಕ್ಟರ್ ಆಗಿದ್ದವಳೇ. ಆ ಮಾತು ಅವಳ ಗಂಟಲಲ್ಲಿ ಇಳಿದಿರಲಿಲ್ಲ. ಹಾಗಂತ ಬೇರೆ ಮಾತು ಹೊರಟೂ ಇರಲಿಲ್ಲ.

ಅಕ್ಕ ಅನ್ನುವುದು ಅವಳ ಹೆಸರಲ್ಲ. ಇಲಾಖೆಯಲ್ಲಿ ಎಲ್ಲರಿಗೂ ಅವಳು ಅಕ್ಕ, ಅವಳ ಕೈಗೆ ಸಿಕ್ಕಿಬಿದ್ದ ಕಳ್ಳರಿಗೂ ಅಕ್ಕ. ನಿವೃತ್ತಿಯಾದ ಮೇಲೂ ಅದೇ ಅಂಟಿಕೊಂಡಿತು. ಹಾಗೆ ಕರೆಯುವ ನಿಜವಾದ ಹಕ್ಕಿದ್ದವನು ಒಬ್ಬನೇ. ಅವನನ್ನೇ ಮಣ್ಣಿಗೆ ಕೊಟ್ಟು ಬಂದಿದ್ದಳು.

ಇದು ಗೂಬೆರಾಯನ ಗುಹೆ. ಪಾಳುಬಿದ್ದ ಹೋಟೆಲಿನ ಬತ್ತಿದ ಈಜುಕೊಳದಲ್ಲಿ ಒಂದು ಹಾಸುಗಲ್ಲು ಸರಿಸಿದರೆ ಮೆಟ್ಟಿಲು, ಮೆಟ್ಟಿಲಿಳಿದರೆ ಗುಹೆ ಎಂಬುದು ಟಿವಿ ನೋಡುವ ಚಿಳ್ಳೆಪಿಳ್ಳೆಗಳಿಗೂ ಗೊತ್ತು. ಆ ಈಜುಕೊಳ ಎಲ್ಲಿದೆ ಎಂದು ಜಗಳವಾಡಿ ಮಾತು ಬಿಟ್ಟ ಅಣ್ಣತಮ್ಮಂದಿರೂ ಇದ್ದರಂತೆ. ಪಾಪ, ಅವರು ಇಲ್ಲಿಗೆ ಬಂದಿದ್ದರೆ ನಾಚಿಕೊಂಡು ರಾಜಿಯಾಗುತ್ತಿದ್ದರು. ಊರಾಚೆಯ ಒಂದು ಹಳೇ ಗೋದಾಮು, ಅದರೊಳಗೆ ಹಲಗೆಯ ಗೋಡೆ, ಹಲಗೆಗೆ ಬಳಿದ ಕಲ್ಲಿನ ಬಣ್ಣ. ತಲೆಯ ಮೇಲೆ ಚಾವಣಿಯೂ ಇಲ್ಲ. ಇದ್ದರೆ ಮೇಲಿನಿಂದ ಲೈಟು ಬಿಡುವುದು ಹೇಗೆ? ಒತ್ತಿದರೆ ಲೋಕವೇ ಉಡೀಸ್ ಆಗುವ ಆ ಕೆಂಪು ಗುಂಡಿಯ ಹಿಂದೆ ಒಂದು ತಂತಿಯೂ ಇರಲಿಲ್ಲ.

ಖಳನಾಯಕನೇ ಹೋದ ಮೇಲೆ ಧಾರಾವಾಹಿ ನಿಂತಿತ್ತು. ಸಂಜೆಯೊಳಗೆ ಗೋದಾಮು ಖಾಲಿಯಾಗಬೇಕು. ಬೆಳಿಗ್ಗೆಯಿಂದ ಗೋಡೆ ಕಿತ್ತು ಸುಸ್ತಾದ ಕೆಲಸದವರು ಊಟಕ್ಕೆ ಹೋಗಿದ್ದರಿಂದ ಒಳಗೆ ಸದ್ದಿರಲಿಲ್ಲ.

“ಇಷ್ಟು ದೊಡ್ಡ ಗುಹೆ. ಕಸ ಗುಡಿಸೋರು ಯಾರು ಅಂತ ಯಾರೂ ಕೇಳ್ಲಿಲ್ವಾ ಮೇಷ್ಟ್ರೇ?”

“ನಿಮ್ಮ ತಮ್ಮ ಕೇಳ್ತಿದ್ರು. ‘ಪ್ರಪಂಚ ಗೆಲ್ಲೋದು ಆಮೇಲೆ, ಮೊದಲು ಒಂದು ಪೊರಕೆ ಕೊಡಿಸಿ’ ಅಂತ.” ಮೇಷ್ಟ್ರು ನಕ್ಕರು. ಅಕ್ಕ ನಗದೆ ಇದ್ದದ್ದು ನೋಡಿ ಅರ್ಧಕ್ಕೇ ನಿಲ್ಲಿಸಿದರು.

ಅವರದು ಸಣಕಲು ದೇಹ. ಉಗುರಿನ ಸಂದಿಯಲ್ಲಿ ಯಾವತ್ತೂ ಬಿಡದ ಬಣ್ಣ, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ನಾಟಕಕ್ಕಾಗಲಿ, ಟಿವಿಗಾಗಲಿ, ಯಾರಾದರೂ ಕದ್ದು ಕೂರುವ ಜಾಗ ಬೇಕೆಂದರೆ ಅವರಿಗೇ ಹೇಳಿಕಳುಹಿಸಬೇಕು. ಒಳ್ಳೆಯವರಿಗೂ ಅವರೇ, ಕೆಟ್ಟವರಿಗೂ ಅವರೇ. ಗುಹೆ ಮೇಷ್ಟ್ರು ಅನ್ನುವ ಬಿರುದು ಹಾಗೆ ಬಂದದ್ದು.

“ನಾಯಕನ ಅಡಗುತಾಣ ಮೇಲಿರಬೇಕು, ಖಳನದು ಕೆಳಗಿರಬೇಕು,” ಎಂದು ಮೌನ ತುಂಬಿಸಲು ಹೊರಟರು. “ನಾಯಕನಿಗೆ ಒಂದೇ ಬಾಗಿಲು. ಖಳನಿಗೆ ಎರಡು.”

“ಇವನಿಗ್ಯಾಕೆ ಎರಡು?”

“ಒಂದು ಒಳಗೆ ಬರೋಕೆ. ಇನ್ನೊಂದು ಮುಂದಿನ ವಾರಕ್ಕೆ ತಪ್ಪಿಸ್ಕೊಂಡು ಹೋಗೋಕೆ. ಅವನು ಸಿಕ್ಕಿಬಿದ್ರೆ ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೆದ ಹಾಗಲ್ವಾ?”

ಅಕ್ಕ ಸಿಂಹಾಸನದ ಹಿಂದಿನ ಗೋಡೆಗೆ ಬೆರಳು ಮಡಿಸಿ ಬಡಿದಳು. ಟೊಕ್ ಟೊಕ್ ಅಂದಿತು. ಕಣ್ಣಿಗೆ ಮಾತ್ರ ತೇವದ ಕಲ್ಲು, ಪಾಚಿ, ನೀರು ಹರಿದ ಗುರುತು.

“ಎಷ್ಟು ಚೆನ್ನಾಗಿ ಮಾಡಿದೀರಿ.”

“ಕ್ಯಾಮೆರಾ ಕಣ್ಣು ಎಲ್ಲೀತನಕ ಹೋಗುತ್ತೋ ಅಲ್ಲೀತನಕ ಕಲ್ಲು. ಆಚೆಗೆ ಬರೀ ಹಲಗೆ. ಯಾರ ಕಣ್ಣೂ ಬೀಳದ ಕಡೆ ನಾನು ಒಂದು ತೊಟ್ಟು ಬಣ್ಣ ಬಳಿಯೋನಲ್ಲ ಅಕ್ಕ. ಕಣ್ಣು ಬೀಳೋ ಕಡೆ ಮಾತ್ರ ಬೆರಳಗಲ ಹಲಗೆ ಬಿಡೋನೂ ಅಲ್ಲ. ಬಿಟ್ರೆ ಆ ದಿನ ನಿದ್ದೆ ಬರಲ್ಲ ನೋಡಿ.”

ಗೋದಾಮಿನ ಬಾಗಿಲಲ್ಲಿ ಬೆಳಕಿಗೆ ಅಡ್ಡವಾಗಿ ಯಾರೋ ನಿಂತರು. ತಮ್ಮನ ಹೆಂಡತಿ. ಶಾಲೆಯಲ್ಲಿ ಗಣಿತ ಹೇಳುವವಳು. ಮನೆಯವರಿಗೂ ಅವಳು ಟೀಚರೇ. ಕಣ್ಣಿನ ಆಪರೇಷನ್ ಆದ ಮೇಲೆ ಅಕ್ಕ ಕಾರು ಓಡಿಸುವುದನ್ನು ಬಿಟ್ಟಿದ್ದಳು, ಹಾಗಾಗಿ ಎಲ್ಲಿಗೆ ಹೋಗಬೇಕಾದರೂ ಟೀಚರೇ ಕರೆದುಕೊಂಡು ಹೋಗಬೇಕು.

“ಆಯ್ತಾ ಅಕ್ಕ? ಹೊರಡೋಣ್ವಾ? ಇಲ್ಲೇ ಕೂತು ಸುಮ್ನೆ ಮನಸ್ಸು ಕೆಡಿಸ್ಕೋಬೇಡಿ.”

“ಇನ್ನೊಂದು ಸ್ವಲ್ಪ ಹೊತ್ತು ಕಣಮ್ಮ.”

“ಈ ಧೂಳು ನಂಗಾಗಲ್ಲ. ಕಾರಲ್ಲಿರ್ತೀನಿ. ನಿಮ್ಮ ಮಧ್ಯಾಹ್ನದ ಮಾತ್ರೆ ಚೀಲದ ಪಕ್ಕದ ಜೇಬಲ್ಲಿದೆ, ಮರೀಬೇಡಿ.”

ಹುಡುಗಿ ಒಳ್ಳೆಯವಳು. ಗಂಡ ಹೋದ ಮೇಲೆ ತನ್ನ ದುಃಖ ಬದಿಗಿಟ್ಟು ಅಕ್ಕನನ್ನು ನೋಡಿಕೊಂಡವಳು. ಬಡಿಸಿದ್ದನ್ನು ಅಕ್ಕ ತಿನ್ನುತ್ತಿದ್ದಳು, ಮಲಗು ಅಂದರೆ ಮಲಗುತ್ತಿದ್ದಳು. ರುಚಿಯೂ ತಿಳಿಯುತ್ತಿರಲಿಲ್ಲ, ನಿದ್ದೆಯೂ ಬರುತ್ತಿರಲಿಲ್ಲ. ಆ ಬೆಳಿಗ್ಗೆ ತಮ್ಮನನ್ನು ಕೊನೆಯ ಸಲ ಕಂಡವಳೂ ಟೀಚರೇ. ‘ಅವರೇ ಕಾರು ಸ್ಟಾರ್ಟ್ ಮಾಡ್ಕೊಂಡು ಹೋದ್ರು, ಗೇಟಲ್ಲಿ ನಿಂತು ಕೈ ಬೀಸಿದೆ’ ಎಂದು ಠಾಣೆಯಲ್ಲಿ ಹೇಳಿ, ಅಲ್ಲೇ ಕುಸಿದು ಕೂತಿದ್ದಳು. ಅತ್ತಿದ್ದಳು ಕೂಡ. ಅಕ್ಕನಿಗೆ ಆಗ ಅವಳನ್ನು ಕಂಡು ಹೊಟ್ಟೆಕಿಚ್ಚಾಗಿತ್ತು.

ಟೀಚರ್ ಹೋದ ಮೇಲೆ ಅಕ್ಕ ಎದ್ದಳು. ಸುಮ್ಮನೆ ಕೂರಲಾಗದೆ ಎದ್ದದ್ದು, ಅಷ್ಟೇ. ಗುಹೆಯನ್ನು ಬಳಸಿಕೊಂಡು ಆಚೆ ಬದಿಗೆ ಹೊರಟಳು.

“ಅಕ್ಕ, ಆ ಕಡೆ ಬೇಡ. ಮೊಳೆ ಬಿದ್ದಿರುತ್ತೆ.”

“ಕಾಲಲ್ಲಿ ಬೂಟಿದೆ ಮೇಷ್ಟ್ರೇ.”

“ಹಲಗೆ ಮೈಮೇಲೆ ಬೀಳುತ್ತೆ ಅಂದೆ.”

ಮೊದಲು ಮೊಳೆ ಇತ್ತು, ಈಗ ಹಲಗೆ ಬಂತು. ಒಂದು ಮಾತಿಗೆ ಎರಡು ಕಾರಣ ಕೊಡುವವರನ್ನು ಅಕ್ಕ ಇಡೀ ಜೀವನ ನೋಡಿದ್ದಳು. ತಲೆ ಕೆಲಸ ನಿಲ್ಲಿಸಿದ್ದರೂ ಕಾಲಿಗೆ ಹಳೇ ಅಭ್ಯಾಸವಿತ್ತು, ಅದು ನಿಲ್ಲಲಿಲ್ಲ.

ಆಚೆ ಬದಿಯಲ್ಲಿ ನಾಯಕನ ಅಡಗುತಾಣ. ಮಿಂಚುಹುಳು ಎಂಬ ಮುಸುಕಿನ ವೀರ ಗಡಿಯಾರ ಗೋಪುರದ ತುದಿಯಲ್ಲಿ, ಮುಳ್ಳುಗಳ ಹಿಂದೆ ಕೂತು ಊರು ಕಾಯುತ್ತಿದ್ದ. ಆ ಗೋಪುರ ನೆಲದ ಮೇಲೆಯೇ ಇತ್ತು, ಗೂಬೆರಾಯನ ಗುಹೆಗೆ ಬೆನ್ನು ಕೊಟ್ಟು. ಇಬ್ಬರೂ ಇಷ್ಟು ವರ್ಷ ಒಬ್ಬರನ್ನೊಬ್ಬರು ಹುಡುಕಿ ಹುಡುಕಿ ಸುಸ್ತಾದರು. ಒಮ್ಮೆ ಜೋರಾಗಿ ಸೀನಿದ್ದರೆ ಸಾಕಿತ್ತು, ಪತ್ತೆಯಾಗಿಬಿಡುತ್ತಿತ್ತು.

ಕೆಲಸದವರು ಗಡಿಯಾರವನ್ನು ಇಳಿಸಿ ನೆಲಕ್ಕೆ ಒರಗಿಸಿದ್ದರು. ಅದರ ಹಿಂದಿನ ಗೋಡೆಯಲ್ಲಿ ಒಂದೆರಡು ಹಲಗೆ ಮಾತ್ರ ಕಿತ್ತು, ಉಳಿದದ್ದನ್ನು ಹಾಗೇ ಬಿಟ್ಟಿದ್ದರು. ಅಕ್ಕ ಆ ಸಂದಿಯಲ್ಲಿ ಇಣುಕಿದಳು.

ಎರಡು ಅಡಗುತಾಣಗಳ ಬೆನ್ನುಗಳ ನಡುವೆ ಓಣಿಯಷ್ಟು ಅಗಲದ ಜಾಗ. ಎಡಕ್ಕೆ ನೋಡಿದರೆ ಬರೀ ಹಲಗೆ, ಆನಿಸಿ ನಿಲ್ಲಿಸಿದ ಕೋಲು, ಸೀಮೆಸುಣ್ಣದ ಗುರುತು. ಬಲಕ್ಕೂ ಹಾಗೇ. ನೇರ ಎದುರಿಗೆ ಮಾತ್ರ ಗೂಬೆರಾಯನ ಗೋಡೆಯ ಬೆನ್ನು ತಿಳಿಹಸಿರಾಗಿತ್ತು.

ತಿಳಿಹಸಿರು ಗೋಡೆ. ಕೆಳಗೆ ನೆಲಕ್ಕೆ ತಾಗಿ ನೇರವಾದ ಕಂದು ಪಟ್ಟಿ. ನಡುವೆ ಒಂದು ಕಿಟಕಿ, ಅದೂ ಬಣ್ಣದ್ದೇ. ಕಿಟಕಿಗೆ ಅರ್ಧ ಸರಿಸಿದ ಪರದೆ, ಪರದೆಗೆ ಮಡಿಕೆ, ಆಚೆ ಒಂದು ಮರದ ಕೊಂಬೆ, ಸಂಜೆಯ ಆಕಾಶ. ಹಸಿ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

“ಮೇಷ್ಟ್ರೇ, ಈ ಕಿಟಕಿ ಯಾವ ಕಂತಿಗೆ ಬರೆದದ್ದು?”

ಹಿಂದೆ ಬಂದು ನಿಂತಿದ್ದ ಮೇಷ್ಟ್ರು ಕನ್ನಡಕ ಏರಿಸಿದರು, ಇಳಿಸಿದರು. “ಓ, ಅದಾ? ಬಣ್ಣ ಉಳಿದಿತ್ತು. ಹೇಗೆ ಕೂರುತ್ತೆ ಅಂತ ಬಳಿದು ನೋಡಿದೆ.”

“ಪರದೆಗೆ ಮಡಿಕೆ ಹಾಕಿ ನೋಡಿದ್ರಾ?”

“ಕೈ ಸುಮ್ನಿರಲ್ಲ ಅಕ್ಕ.”

“ಈ ಓಣಿಗೆ ಕ್ಯಾಮೆರಾ ನುಗ್ಗಲ್ಲ. ಬಣ್ಣ ಇನ್ನೂ ವಾಸನೆ ಹೊಡೀತಿದೆ, ಅಂದ್ರೆ ಧಾರಾವಾಹಿ ನಿಂತ ಮೇಲೆ ಬಳಿದದ್ದು. ಕಣ್ಣು ಬೀಳದ ಕಡೆ ಒಂದು ತೊಟ್ಟೂ ಬಳಿಯಲ್ಲ ಅಂತ ಈಗ ತಾನೇ ಅಂದ್ರಿ.” ಅಕ್ಕನ ದನಿ ಏರಲಿಲ್ಲ. ಏರಿಸುವಷ್ಟು ಶಕ್ತಿಯೂ ಇರಲಿಲ್ಲ. “ಇಲ್ಲಿ ಯಾರ ಕಣ್ಣಿತ್ತು?”

ಮೇಷ್ಟ್ರು ಉಗುರಿನ ಸಂದಿಯ ಬಣ್ಣ ಕೆರೆಯತೊಡಗಿದರು.

ಆ ಮೌನ ಅಕ್ಕನಿಗೆ ಹಳೇ ಪರಿಚಯದ್ದು. ಸುಳ್ಳು ಮುಗಿದು ನಿಜ ಇನ್ನೂ ಬಾಯಿಗೆ ಬರದ ಹೊತ್ತು ಅದು. ಆಗ ಸುಮ್ಮನಿರಬೇಕು. ಅವಳು ಸುಮ್ಮನಿದ್ದಳು.

“ಬರೀ ಹಲಗೆ ನೋಡ್ಕೊಂಡು ಎಷ್ಟು ದಿನ ಇರೋಕಾಗುತ್ತೆ, ಹೇಳಿ?” ಮೇಷ್ಟ್ರು ಒಂದು ಮರದ ಪೆಟ್ಟಿಗೆಯ ಮೇಲೆ ಕುಸಿದು ಕೂತರು. “ಮನುಷ್ಯನಿಗೆ ಹುಚ್ಚು ಹಿಡಿಯುತ್ತೆ. ಅದಕ್ಕೇ ಒಂದು ಕಿಟಕಿ ಹಾಕಿಕೊಟ್ಟೆ. ನನಗೆ ಬರೋದು ಅದೊಂದೇ.”

“ಯಾವ ಮನುಷ್ಯ?”

“ಅದೊಂದು ಕೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ನನ್ನ ಹತ್ರ ಹೇಳಬಾರದಂಥ ಮನುಷ್ಯನಾ?”

“ನಿಮ್ಮ ಹತ್ರಾನೇ ಹೇಳಬಾರದು ಅಕ್ಕ. ಬೇರೆಯವರಾಗಿದ್ರೆ ಹೇಳಿಬಿಡ್ತಿದ್ದೆ.”

ಅಕ್ಕನ ಕೈಯಲ್ಲಿದ್ದ ಚೀಲ ಭಾರವಾದ ಹಾಗಾಯಿತು. ಅದನ್ನು ನೆಲಕ್ಕಿಟ್ಟಳು.

“ಗೂಬೆರಾಯನ ಉಂಗುರ ಎಷ್ಟು ಮಾಡಿಸಿದ್ರಿ ಮೇಷ್ಟ್ರೇ?”

“ಯಾವುದನ್ನಾದ್ರೂ ಎರಡೇ ಮಾಡಿಸೋದು. ಟೋಪಿ, ಕೋಟು, ಉಂಗುರ, ಎಲ್ಲ. ಒಂದು ನಿಮ್ಮ ತಮ್ಮನಿಗೆ, ಒಂದು ಡೂಪ್‌ಗೆ.”

ಡೂಪ್. ಅವನನ್ನು ಅಕ್ಕ ಒಂದೆರಡು ಸಲ ದೂರದಿಂದ ನೋಡಿದ್ದಳು. ಗೂಬೆರಾಯ ಮಹಡಿಯಿಂದ ಜಿಗಿಯುವಾಗ, ಬೆಂಕಿಯೊಳಗೆ ನುಗ್ಗುವಾಗ, ಮೆಟ್ಟಿಲಿನಿಂದ ಉರುಳುವಾಗ ತಮ್ಮನ ಬದಲು ಬೀಳುವವನು. ತಮ್ಮನಷ್ಟೇ ಎತ್ತರ, ತಮ್ಮನದೇ ಹೆಗಲು. ಹಿಂದಿನಿಂದ ನೋಡಿದರೆ ಹೆತ್ತ ತಾಯಿಯೂ ಮೋಸಹೋಗಬೇಕು.

“ಡೂಪ್ ಈಗ ಎಲ್ಲಿದಾನೆ?”

ಮೇಷ್ಟ್ರು ನೆಲ ನೋಡಿದರು. “ಆ ದಿನದಿಂದ ಯಾರಿಗೂ ಕಂಡಿಲ್ಲ.”

“ಹುಡುಕಲಿಲ್ವಾ ಯಾರೂ?”

“ಅವನಿಗೆ ಹಿಂದೆ ಮುಂದೆ ಯಾರಿದಾರೆ ಹುಡುಕೋಕೆ?”

ಅಕ್ಕ ಗಡಿಯಾರದ ಪಕ್ಕದಲ್ಲಿ ಗೋಡೆಗೆ ಕೈಕೊಟ್ಟು ನಿಂತಳು. ಲೆಕ್ಕ ತಾನಾಗಿಯೇ ಕೂಡಿಕೊಂಡಿತು. ಉಂಗುರ ಎರಡು. ಒಂದೇ ಅಳತೆಯ ಆಳು ಇಬ್ಬರು. ಒಬ್ಬ ಸುಟ್ಟುಹೋದ, ಒಬ್ಬ ಕಾಣೆಯಾದ. ಕಾಣೆಯಾದವನೇ ಸುಟ್ಟವನಾಗಿದ್ದರೆ? ಇವತ್ತಿನವರೆಗೆ ಈ ಗೋಡೆಯ ಹಿಂದೆ ಸುಳ್ಳು ಕಿಟಕಿ ನೋಡುತ್ತ ಕೂತವನು, ‘ನಿಮ್ಮ ಹತ್ರಾನೇ ಹೇಳಬಾರದು’ ಎನ್ನುವಂಥವನು, ಬೇರೆ ಯಾರಿರುತ್ತಾರೆ?

ತಾನು ಗುರುತು ಹೇಳಿದ್ದು ಉಂಗುರಕ್ಕೆ. ಮುಖಕ್ಕಲ್ಲ. ಅಲ್ಲಿ ಮುಖ ಅಂತ ಏನೂ ಉಳಿದಿರಲಿಲ್ಲ.

ಜೋಮು ಹಿಡಿದ ಕಾಲಿಗೆ ಮತ್ತೆ ರಕ್ತ ಇಳಿದಾಗ ಆಗುವ ಹಾಗೆ ಅವಳಿಗೆ ಮೈಯೆಲ್ಲ ಚುಚ್ಚತೊಡಗಿತು. ಅದು ಖುಷಿಯೇ ಆಗಿದ್ದರೆ ಖುಷಿ ಇಷ್ಟು ನೋಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ತಮ್ಮ ಬದುಕಿದ್ದಾನೆ ಅಂದರೆ ತಮ್ಮನ ಹೆಸರಿನ ಕೆಳಗೆ ಬೇರೆ ಯಾರನ್ನೋ ಹೂತಿದ್ದಾರೆ. ಆ ಬೇರೆಯವನು ಸತ್ತದ್ದು ಹೇಗೆ, ಇವನು ಅಡಗಿದ್ದು ಯಾಕೆ ಎಂದು ಕೇಳಬೇಕಾಗುತ್ತದೆ. ಕೇಳಿ, ಉತ್ತರ ಕೆಟ್ಟದಾಗಿದ್ದರೆ ತಾನೇ ಕೈಹಿಡಿದು ಠಾಣೆಗೆ ಕರೆದುಕೊಂಡು ಹೋಗಬೇಕಾಗುತ್ತದೆ. ಹೋಗಲಿ, ಆಮೇಲೆ ನೋಡಿದರಾಯಿತು. ಮೊದಲು ಒಮ್ಮೆ ಅವನ ಮುಖ ನೋಡಬೇಕು. ಅವನ ತಲೆಗೆ ಒಂದು ಮೊಟಕಬೇಕು.

“ಗೂಬೆರಾಯನ ಎರಡನೇ ಬಾಗಿಲು ಎಲ್ಲಿದೆ?”

“ಅಕ್ಕ, ಬೇಡ. ನನ್ನ ಮಾತು ಕೇಳಿ, ನೀವು ಅಂದ್ಕೊಂಡ ಹಾಗೆ…”

ಅಕ್ಕ ಕೇಳಲಿಲ್ಲ. ಗುಹೆಗೆ ವಾಪಸು ಬಂದಳು. ಬಾಗಿಲನ್ನು ಯಾರೂ ತೋರಿಸಬೇಕಾಗಿರಲಿಲ್ಲ. ಟಿವಿ ನೋಡಿದವರಿಗೆಲ್ಲ ಅದು ಗೊತ್ತು. ಸಿಂಹಾಸನದ ಬಲಕ್ಕೆ, ಕಲ್ಲಿನ ಗೂಬೆಯ ರೆಕ್ಕೆಯ ಕೆಳಗೆ. ಅದರೊಳಗೆ ನುಗ್ಗಿದ ಗೂಬೆರಾಯ ಹೊಳೆಯ ದಡದಲ್ಲಿ ಏಳುತ್ತಿದ್ದ. ನಿಜವಾಗಿ ಅದು ತೆರೆದುಕೊಳ್ಳುವುದು ಈ ಓಣಿಗೆ.

ಚಿಕ್ಕವನಿದ್ದಾಗಲೂ ಅವನು ಹೀಗೇ. ಏನಾದರೂ ಒಡೆದುಹಾಕಿದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ. ಅಪ್ಪ ಕೂಗಿದರೆ ಬರುತ್ತಿರಲಿಲ್ಲ, ಅಮ್ಮ ಅತ್ತು ಕರೆದರೂ ಬರುತ್ತಿರಲಿಲ್ಲ. ಅಕ್ಕ ಹೋಗಿ ನೆಲಕ್ಕೆ ಕೂತು ಮೆಲ್ಲಗೆ ಕರೆಯಬೇಕಾಗಿತ್ತು.

ಬಾಗಿಲಿಗೆ ಹಣೆ ತಾಗಿಸಿ ಅಕ್ಕ ಮೆಲ್ಲಗೆ ಕರೆದಳು.

“ಪುಟ್ಟಾ.”

ಒಳಗೆ ಸದ್ದಿಲ್ಲ.

“ಬಾಗಿಲು ತೆಗಿಯೋ. ನಾನು ಬೈಯಲ್ಲ.”

ಏನೋ ಅಲುಗಿತು. ಮಂಚದ ಕಬ್ಬಿಣ ಕಿರ್ ಅಂದಿತು. ಆಮೇಲೆ ಹೆಜ್ಜೆ. ಒಂದು ಕಾಲು ಊರುವ ಸದ್ದು, ಇನ್ನೊಂದು ಎಳೆಯುವ ಸದ್ದು. ಗೂಬೆರಾಯನ ನಡಿಗೆ ಅದು, ಊರೂರ ಮಕ್ಕಳು ಅಂಗಳದಲ್ಲಿ ನಕಲು ಮಾಡುವ ನಡಿಗೆ. ತಮ್ಮನೂ ಮನೆಯಲ್ಲಿ ಮರೆತು ಹಾಗೇ ನಡೆದು ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಿದ್ದ.

ಅಕ್ಕನ ಕಣ್ಣು ತುಂಬಿ ಬಂತು. ಇಷ್ಟು ದಿನ ಬಾರದ್ದು ಈಗ ಬಂತು. ಒರೆಸಿಕೊಳ್ಳುವಷ್ಟರಲ್ಲಿ ಚಿಲಕ ಸರಿಯಿತು, ಬಾಗಿಲು ತೆರೆಯಿತು.

ತಮ್ಮನ ಎತ್ತರ. ತಮ್ಮನ ಹೆಗಲು. ಬೆರಳಲ್ಲಿ ತಮ್ಮನ ಉಂಗುರ.

ಮುಖ ಮಾತ್ರ ಬೇರೆ ಯಾರದೋ.

“ಕ್ಷಮಿಸಿ ಅಕ್ಕ,” ಎಂದ ಡೂಪ್. “ನಾನು ಪುಟ್ಟ ಅಲ್ಲ.”

ಅಕ್ಕ ಹಿಂದೆ ಸರಿದು ಕಲ್ಲಿನ ಗೂಬೆಗೆ ಒರಗಿದಳು. ತಮ್ಮ ಎರಡನೇ ಸಲ ಸತ್ತ. ಮೊದಲನೇ ಸಲ ಏನೂ ಆಗಿರಲಿಲ್ಲ. ಈ ಸಲ ನೋವಾಯಿತು, ಉಸಿರು ನಿಲ್ಲುವಷ್ಟು. ಆಮೇಲೆ ಅದೂ ನಿಂತುಹೋಗಿ ಮತ್ತೆ ಮೊದಲಿನ ಮಂಕು ಕವಿಯಿತು. ಅವಳು ಅದಕ್ಕೆ ತನ್ನನ್ನು ಒಪ್ಪಿಸಿಕೊಂಡಳು.

“ನೀರು ಕೊಡ್ಲಾ ಅಕ್ಕ?”

“ಬೇಡ. ಹಾಗ್ಯಾಕೆ ನಡೀತೀಯ ನೀನು?”

“ಅವರ ಹಾಗೆ ನಡೆದೂ ನಡೆದೂ ನನ್ನ ನಡಿಗೆ ಮರ್ತೇ ಹೋಯ್ತು.”

ಮೇಷ್ಟ್ರು ಬಂದು ಮೂಲೆಯಲ್ಲಿ ನಿಂತಿದ್ದರು. ಅಕ್ಕ ಅವರ ಕಡೆ ನೋಡಲಿಲ್ಲ. ಡೂಪ್‌ನ ಭುಜದ ಮೇಲಿಂದ ಒಳಗೆ ಕಾಣುತ್ತಿದ್ದ ಜಾಗ ನೋಡಿದಳು. ತಾನು ಇಣುಕಿದ ಸಂದಿಯ ಕೆಳಗೇ, ಆಗ ಕಣ್ಣಿಗೆ ಬೀಳದ ಹಾಗೆ ಗೋಡೆಗೆ ಒತ್ತಿಟ್ಟ ಮಡಚುವ ಮಂಚ, ಒಂದು ಬಕೆಟ್ಟು, ಫ್ಲಾಸ್ಕು, ಮಲಗಿದವನ ಎದುರಿಗೆ ಸುಳ್ಳು ಕಿಟಕಿಯ ಸುಳ್ಳು ಸಂಜೆ. ಹೆಸರಾಂತ ಅಡಗುತಾಣಗಳ ನಡುವೆ ನಿಜವಾಗಿ ಒಬ್ಬ ಅಡಗಿದ್ದ ಜಾಗ ಇಷ್ಟೇ ಇತ್ತು.

“ಯಾರಿಗೆ ಹೆದರಿ ಇಲ್ಲಿ ಕೂತಿದೀಯ?”

“ಪೊಲೀಸರಿಗೆ. ನಿಮಗೂ ಹೆದರಿದ್ದೆ ಅನ್ನಿ. ಆ ಕಾರಿಗೆ ಕೈ ಹಾಕೋನು ನಾನೊಬ್ಬನೇ. ಗಾಳಿ, ಬ್ರೇಕು, ಎಣ್ಣೆ, ಎಲ್ಲ ನಂದೇ. ಏನಾದ್ರೂ ಕೆಟ್ಟಿದ್ರೆ ಕೆಡಿಸಿದೋನು ಯಾರು ಅಂತ ಕೇಳ್ತಾರೆ. ನನ್ನ ಬಿಟ್ಟು ಬೇರೆ ಯಾರನ್ನ ಹಿಡೀತಾರೆ?”

“ಕಾರು ಕೆಟ್ಟಿತ್ತಾ?”

“ಇಲ್ಲ. ಹಿಂದಿನ ಸಂಜೆ ನಾನೇ ಓಡಿಸ್ಕೊಂಡು ಹೋಗಿ ಅವರ ಮನೆ ಮುಂದೆ ನಿಲ್ಲಿಸಿ, ಕೀ ಅವರ ಕೈಗೇ ಕೊಟ್ಟು ಬಂದೆ. ಬೆಳಿಗ್ಗೆ ಕಲ್ಲುಗಣಿ ಹತ್ರ ಶೂಟಿಂಗು. ನಾನು ಬಂದು ಕರ್ಕೊಂಡು ಹೋಗ್ತೀನಿ ಅಂದಿದ್ದೆ. ‘ಬೇಗ ಬಾರೋ, ಲೇಟಾದ್ರೆ ನಾನೇ ನಡ್ಕೊಂಡು ಹೋಗ್ತೀನಿ’ ಅಂತ ನಕ್ಕಿದ್ರು. ನಾನು ಹೋಗೋ ಹೊತ್ತಿಗೆ ಮನೆ ಮುಂದೆ ಕಾರಿಲ್ಲ. ಕಲ್ಲುಗಣಿ ಕಡೆ ಹೊಗೆ.”

“ನೀನು ಬರೋದು ತಡ ಆಯ್ತು. ಅವನೇ ಓಡಿಸ್ಕೊಂಡು ಹೋದ.”

ಡೂಪ್ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

“ಹೇಳ್ಬಿಡು ಮಾರಾಯ,” ಎಂದರು. “ಇನ್ನು ಮುಚ್ಚಿಟ್ಟು ಯಾರನ್ನ ಕಾಪಾಡೋದಿದೆ?”

“ಅಕ್ಕ, ನಿಮ್ಮ ತಮ್ಮನಿಗೆ ಕಾರು ಓಡಿಸೋಕೆ ಬರ್ತಿರಲಿಲ್ಲ.”

ಅಕ್ಕನಿಗೆ ಅವನು ಹೇಳಿದ್ದು ಕೇಳಿಸಿತು, ಒಳಗೆ ಹೋಗಲಿಲ್ಲ.

“ಏನಂದೆ?”

“ಕ್ಲಚ್ ಯಾವುದು ಬ್ರೇಕ್ ಯಾವುದು ಅಂತಾನೂ ಗೊತ್ತಿರಲಿಲ್ಲ.”

“ವಾರ ವಾರ ನೋಡಿದೀನಿ ನಾನು. ಆ ಕಪ್ಪು ಕಾರಲ್ಲಿ ತಪ್ಪಿಸ್ಕೊಂಡು ಹೋಗ್ತಿದ್ದ.”

“ದೂರದಿಂದ ತೆಗೆದದ್ದೆಲ್ಲ ನಾನು. ಹತ್ತಿರದಿಂದ ಮುಖ ತೋರಿಸಬೇಕಾದ್ರೆ ಕಾರು ಇಲ್ಲೇ, ಈ ಗೋದಾಮಲ್ಲೇ ನಿಂತಿರ್ತಿತ್ತು. ಹಿಂದಿನಿಂದ ಇಬ್ಬರು ಅಲ್ಲಾಡಿಸೋರು. ಇನ್ನಿಬ್ಬರು ಮರದ ಕೊಂಬೆ ಹಿಡ್ಕೊಂಡು ಕಿಟಕಿ ಪಕ್ಕ ಓಡೋರು. ಅವರು ಸುಮ್ನೆ ಸ್ಟಿಯರಿಂಗ್ ತಿರುಗಿಸೋರು. ಹೊರಗೆ ಯಾರಿಗೂ ಹೇಳ್ಬೇಡಿ ಅಂತ ನಮ್ಮೆಲ್ಲರ ಹತ್ರ ಮಾತು ತಗೊಂಡಿದ್ರು. ಕಾರು ಓಡಿಸೋಕೆ ಬರದ ಖಳನಾಯಕ ಅಂದ್ರೆ ಮಕ್ಕಳು ನಗ್ತಾರೆ ಅಂತ.”

ವರ್ಗಾವಣೆ ವರ್ಗಾವಣೆ ಎಂದು ಊರೂರು ಅಲೆದವಳು ಅಕ್ಕ. ತಮ್ಮನನ್ನು ಮನೆಯಲ್ಲಿ ನೋಡಿದ್ದಕ್ಕಿಂತ ಟಿವಿಯಲ್ಲಿ ನೋಡಿದ್ದೇ ಹೆಚ್ಚು. ಇವನಿಗೆ ಕಾರು ಬರುತ್ತದಾ ಎಂದು ಅವಳು ಯಾವತ್ತೂ ಕೇಳಿರಲಿಲ್ಲ. ಕಣ್ಣಾರೆ ಕಂಡದ್ದನ್ನು ಯಾರು ಕೇಳುತ್ತಾರೆ? ಪೊಲೀಸರೂ ಕೇಳಿರಲಿಲ್ಲ. ಅವರ ಮನೆಯಲ್ಲೂ ಟಿವಿ ಇತ್ತು.

ದೇಹ ಸಿಕ್ಕಿದ್ದು ಸ್ಟಿಯರಿಂಗ್ ಹಿಂದೆ. ಕಾರಿನಲ್ಲಿ ಇದ್ದದ್ದು ಒಂದೇ ದೇಹ. ಹಾಗಾದರೆ ಕಾರನ್ನು ಆ ತಿರುವಿನವರೆಗೆ ಓಡಿಸಿಕೊಂಡು ಹೋಗಿ, ಇಳಿದು, ಅವನನ್ನು ಆ ಸೀಟಿಗೆ ಎಳೆದು ಕೂರಿಸಿದವರು ಬೇರೆ. ಆಗ ಅವನಿಗೆ ಎಚ್ಚರವಿತ್ತೇ? ಈ ಪ್ರಶ್ನೆಯನ್ನು ಅವಳು ಬೇರೆಯವರ ತಮ್ಮಂದಿರ ಬಗ್ಗೆ ಎಷ್ಟೋ ಸಲ ಕೇಳಿದ್ದಳು.

“ಇದು ಯಾರ್ಯಾರಿಗೆ ಗೊತ್ತಿತ್ತು?”

“ಇಲ್ಲಿನ ನಾಲ್ಕಾರು ಜನಕ್ಕೆ. ಆಮೇಲೆ…” ಡೂಪ್ ಬೆರಳಿನ ಉಂಗುರ ತಿರುಗಿಸಿದ. “ಮನೆಯವರಿಗೆ ಗೊತ್ತಿರದೆ ಇರುತ್ತಾ ಅಕ್ಕ?”

ಊಟ ಮುಗಿಸಿದ ಕೆಲಸದವರ ಮಾತು ಅಂಗಳದಲ್ಲಿ ಕೇಳಿಸಿತು.

“ಮೇಷ್ಟ್ರೇ, ಸಂಜೆ ಈ ಗೋಡೆ ಬಿದ್ದ ಮೇಲೆ ಇವನನ್ನ ಎಲ್ಲಿಡ್ತೀರಿ?”

“ಇನ್ನೊಂದು ನಾಟಕದ ಸೆಟ್ಟಿದೆ. ಅಲ್ಲೊಂದು ನೆಲಮಾಳಿಗೆ ಮಾಡಿದೀನಿ.”

“ಅಲ್ಲಿಗೆ ಬೇಡ. ನಿಮ್ಮ ಗುಹೆಗಳೆಲ್ಲ ಜನರಿಗೆ ಗೊತ್ತು. ನಾನು ಹೇಳೋತನಕ ನಿಮ್ಮ ಮನೇಲಿ, ನಿಮ್ಮ ಕೋಣೇಲಿ ಮಲಗಿಸ್ಕೊಳ್ಳಿ. ನಾನು ಇಲ್ಲಿ ಯಾರನ್ನೂ ನೋಡಿಲ್ಲ.”

ಅಕ್ಕ ಗಡಿಯಾರದ ಬಳಿ ಇಟ್ಟಿದ್ದ ಚೀಲ ಎತ್ತಿಕೊಂಡು ಹೊರಬಂದಳು. ಬಿಸಿಲು ಕಣ್ಣಿಗೆ ರಾಚಿತು. ಟೀಚರ್ ಕಾರಿನ ಕಿಟಕಿ ಇಳಿಸಿ, ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದಳು. ಅಕ್ಕನನ್ನು ಕಂಡು ಕೆಂಪು ಪೆನ್ನಿಗೆ ಮುಚ್ಚಳ ಹಾಕಿ, ಎಲ್ಲವನ್ನೂ ಹಿಂದಿನ ಸೀಟಿಗೆ ಜೋಡಿಸಿಟ್ಟಳು. ಧೂಳು ಆಗಲ್ಲ ಅಂದವಳ ತೋಳಿಗೆ ಗೋದಾಮಿನ ಮರದ ಹೊಟ್ಟು ಅಂಟಿತ್ತು. ಒಂದು ಹಾಳೆಯ ಅಂಚೂ ಆಚೀಚೆ ಆಗಲಿಲ್ಲ. ಅವಳ ಕೈಯನ್ನು ಅಕ್ಕ ಈ ದೃಷ್ಟಿಯಿಂದ ನೋಡಿದ್ದು ಇದೇ ಮೊದಲು.

“ಮಾತ್ರೆ ತಗೊಂಡ್ರಾ?”

“ಹೂಂ,” ಎಂದಳು ಅಕ್ಕ. ತೆಗೆದುಕೊಂಡಿರಲಿಲ್ಲ.

“ಮೊದಲು ಊಟ ಮಾಡೋಣ. ಮುಖ ನೋಡಿ ಹೇಗೆ ಬಾಡಿದೆ.”

ಕಾರು ಗೇಟು ದಾಟಿತು. ಗೇರು ಬದಲಾಗುವುದು ತಿಳಿಯುತ್ತಲೂ ಇರಲಿಲ್ಲ, ಅಷ್ಟು ನಯವಾಗಿ ಓಡಿಸುತ್ತಾಳೆ ಟೀಚರ್. ಅಕ್ಕ ಬಹಳ ಹೊತ್ತು ರಸ್ತೆ ನೋಡಿದಳು. ಭಯ, ಸಿಟ್ಟು, ಏನಾದರೂ ಬರಲಿ ಎಂದು ಕಾದಳು. ಏನೂ ಬರಲಿಲ್ಲ. ಕೇಳಬೇಕಾದ ಪ್ರಶ್ನೆ ಮಾತ್ರ ಬಾಯಿಗೆ ಬಂತು. ಅದನ್ನು ಹವಾಮಾನ ಕೇಳಿದ ಹಾಗೆ ಕೇಳಿದಳು.

“ಅಲ್ಲ ಕಣಮ್ಮ, ಅವನಿಗೆ ಕಾರು ಓಡಿಸೋಕೆ ಕಲಿಸಿದ್ದು ಯಾರು?”

ಟೀಚರ್ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿ, ಬಲಕ್ಕೆ ದೀಪ ಹಾಕಿ, ಮನೆಗೆ ಹೋಗುವ ತಿರುವು ಬಿಟ್ಟು ಕಲ್ಲುಗಣಿಯ ಕಡೆಗೆ ತಿರುಗಿಸಿದಳು.

“ನಾನೇ ಅಕ್ಕ. ಯಾಕೆ? ಆ ಗೋಡೆ ಹಿಂದೆ ಇರೋನು ಬೇರೆ ಥರ ಹೇಳಿದ್ನಾ?”